ಇನ್ನೂ ತೊಂಬತ್ತು ವರ್ಷ

ಮನುಷ್ಯ ನೂರೈವತ್ತು ವರ್ಷ ಬದುಕಬಹುದು ಎಂಬುದು ಮಾಲತೇಶಪ್ಪನಿಗೆ ಗೊತ್ತಾದದ್ದು ದಾವಣಗೆರೆಯ ಒಂದು ಕಲ್ಯಾಣ ಮಂಟಪದಲ್ಲಿ, ಪುಕ್ಕಟೆ ಸಕ್ಕರೆ ತಪಾಸಣೆಗೆಂದು ಹೋದಾಗ. ರಕ್ತ ಕೊಟ್ಟವರನ್ನು ಕೂರಿಸಿಕೊಂಡು ಡಾಕ್ಟರೊಬ್ಬರು ಭಾಷಣ ಮಾಡಿದರು. "ನೂರೈವತ್ತು ವರ್ಷ ಬಾಳುವ ಮನುಷ್ಯ ಆಗಲೇ ಹುಟ್ಟಿದ್ದಾನೆ. ನಮ್ಮ ನಡುವೆಯೇ ಇದ್ದರೂ ಇರಬಹುದು" ಎಂದರು. ಹಾಗೆನ್ನುವಾಗ ಅವರ ಕಣ್ಣು ಮುಂದಿನ ಸಾಲಿನ ಮೇಲಿತ್ತು. ಮುಂದಿನ ಸಾಲಿನಲ್ಲಿ ಮಾಲತೇಶಪ್ಪ ಕೂತಿದ್ದ.

ಬೇರೆಯವರು ಚಪ್ಪಾಳೆ ತಟ್ಟಿ, ಕೊಟ್ಟ ಬಿಸ್ಕತ್ತು ತಿಂದು ಮರೆತರು. ಮಾಲತೇಶಪ್ಪನಿಗೆ ಮಾತ್ರ ಅವತ್ತಿನಿಂದ ನಿದ್ದೆ ಕೆಟ್ಟಿತು. ಒಪ್ಪಿಸಿದ ಕೆಲಸವನ್ನು ಅರ್ಧಕ್ಕೆ ಬಿಡುವುದು ಅವನಿಂದ ಆಗದ ಮಾತು. ನೂರೈವತ್ತು ವರ್ಷ ಬದುಕುವ ಕೆಲಸವನ್ನು ಯಾರೋ ತನಗೇ ಒಪ್ಪಿಸಿ ಹೋದ ಹಾಗೆ ಅವನಿಗೆ ಕಾಣತೊಡಗಿತು.

ವಿನೋಬನಗರದಲ್ಲಿ ಅವನದು ಫೋಟೊಗಳಿಗೆ ಕಟ್ಟು ಹಾಕುವ ಅಂಗಡಿ. ದೇವರ ಫೋಟೊ, ಮದುವೆಯ ಫೋಟೊ ಬರುತ್ತಿದ್ದವು ನಿಜ. ಆದರೆ ಅಂಗಡಿ ನಡೆಸುತ್ತಿದ್ದವರು ತೀರಿಕೊಂಡವರೇ. ವಿಷಯ ತಿಳಿದ ಪಕ್ಕದ ಗಾದಿ ಅಂಗಡಿಯ ಮಸ್ತಾನಸಾಬ್ ಹತ್ತಿ ತುಂಬುತ್ತಲೇ ಕೇಳಿದ:

"ಯಾರೂ ಸಾಯಾದಿಲ್ಲ ಅಂದ್ರೆ ನಿನ್ ಧಂದಾ ಹೆಂಗೋ ಮಾಲತೇಶ? ನಂದೇನು ಚಿಂತಿಲ್ಲ. ಜಾಸ್ತಿ ಬದುಕಿದಷ್ಟೂ ಜಾಸ್ತಿ ಗಾದಿ ಹರಿತಾವೆ."

"ತಮಾಷಿ ಬ್ಯಾಡಲೇ. ವಿಜ್ಞಾನ ಐತೆ ಇದು."

"ಇರ್ಲಪ್ಪ. ಭಾಬಿಗೆ ಹೇಳೀಯೇನು?"

"ಇನ್ನೂ ಇಲ್ಲ."

"ಅದನ್ನ ಮೊದ್ಲು ಹೇಳು. ನೀನೊಬ್ನೇ ಬದುಕ್ತೀಯೋ, ಆಕೀನೂ ಜತಿಗೆ ಎಳಕಂತೀಯೋ?"

ಮಾಲತೇಶಪ್ಪ ಹೆಂಡತಿ ಮೀನಾಕ್ಷಿಗೆ ಹೇಳಲಿಲ್ಲ. ಹೇಳುವುದಕ್ಕೆ ಸರಿಯಾದ ಹೊತ್ತು ಕಾಯುತ್ತಿದ್ದ; ಇನ್ನು ಹೊತ್ತಿಗೆ ಬರವಿಲ್ಲವಲ್ಲ. ಅಷ್ಟರಲ್ಲಿ ಬೆಣ್ಣೆದೋಸೆ ಬಿಟ್ಟ. ಮನೆಗೆ ಮೊಳಕೆಕಾಳು ಬಂತು. ಒಂದೊಂದು ತುತ್ತನ್ನೂ ಅಗಿದು, ನಿಂತು, ಮತ್ತೆ ಅಗಿಯುತ್ತಿದ್ದ. ತಟ್ಟೆ ತೊಳೆಯಲು ಕಾದು ಕಾದು ಮೀನಾಕ್ಷಿಗೆ ಅಡುಗೆಮನೆ ಬಾಗಿಲಲ್ಲೇ ತೂಕಡಿಕೆ ಬರುತ್ತಿತ್ತು.

"ಹಲ್ಲಿಗೆ ಏನಾಗೈತ್ರಿ ನಿಮಗ?"

"ಏನಿಲ್ಲ, ಆರೋಗ್ಯಕ್ಕ."

ಹೀಗಿರುವಾಗ ಅವನಿಗೆ ಅರವತ್ತು ತುಂಬಿತು. ಮಾಯಕೊಂಡಕ್ಕೆ ಕೊಟ್ಟಿದ್ದ ಮಗಳು ಸುಧಾ ಹರಿಹರದಲ್ಲಿ, ಹೊಳೆಗೆ ಹತ್ತಿರದ ಛತ್ರವೊಂದರಲ್ಲಿ ಅರವತ್ತರ ಶಾಂತಿ ಇಟ್ಟುಕೊಂಡಳು. ಹೋಮ ಮಾಡಿ ಮೃತ್ಯುವನ್ನು ಆಚೆ ಕಳಿಸಿ, ಗಂಡಹೆಂಡಿರಿಗೆ ಇನ್ನೊಮ್ಮೆ ಮದುವೆ ಮಾಡಿಸುವ ಪದ್ಧತಿ. ಮೀನಾಕ್ಷಿ ಹೊಸ ಸೀರೆಯುಟ್ಟು, ನಾಚಿಕೊಂಡೇ ಮಣೆಯ ಮೇಲೆ ಕೂತಳು.

ತಾಳಿ ಕಟ್ಟುವ ಮುಂಚೆ ಪುರೋಹಿತರು ಮಾಲತೇಶಪ್ಪನ ಕೈಗೆ ಅಕ್ಷತೆ ಕೊಟ್ಟರು. "ನೂರು ವರ್ಷ ಆಯುಷ್ಯ ಕೊಡು ಅಂತ ಬಾಯ್ಬಿಟ್ಟು ಬೇಡ್ಕಂಡು, ಅಕ್ಷತಿ ಬಿಡ್ರಿ."

ಮಾಲತೇಶಪ್ಪನ ಮುಷ್ಟಿ ಬಿಚ್ಚಲಿಲ್ಲ. ತಾನಾಗಿಯೇ ನೂರು ಎಂದು ಕೇಳಿದರೆ, ದೇವರು ಅಷ್ಟಕ್ಕೇ ಮುಗಿಸಿಬಿಟ್ಟರೆ? ಮಿಕ್ಕ ಐವತ್ತು ವರ್ಷ ಯಾರನ್ನು ಕೇಳುವುದು? ಹಣೆಯಲ್ಲಿ ಬೆವರೊಡೆಯಿತು.

"ಸ್ವಾಮಿ, ಆ ನೂರು ಅನ್ನೋದನ್ನ ಒಂಚೂರು ಬದಲಿಸಬೌದೇನ್ರಿ?"

"ಕಮ್ಮಿ ಮಾಡ್ಬೇಕೇನ್ರಿ?"

"ಇಲ್ರಿ. ನೂರೈವತ್ತು."

ಊಟಕ್ಕೆ ಹೊತ್ತಾಯಿತು, ಮಂತ್ರ ಮೊಟಕು ಮಾಡಿ ಎಂದವರನ್ನು ಪುರೋಹಿತರು ಬೇಕಾದಷ್ಟು ನೋಡಿದ್ದರು. ಆಯುಷ್ಯ ಉದ್ದ ಮಾಡಿ ಎಂದವನು ಇವನೇ ಮೊದಲು. "ಮಂತ್ರದಾಗ ನೂರಕ್ಕೇ ನಿಂತೈತ್ರಿ. ಋಷಿಗಳಿಗೂ ಅಷ್ಟಕ್ಕೆ ಸಾಕು ಅನಿಸಿರಬೇಕು" ಎಂದರು.

ಮೀನಾಕ್ಷಿ ತಲೆಯೆತ್ತಿದಳು. "ಎಷ್ಟಂದ್ರಿ?"

ಆಗ ಹೇಳದೆ ಗತ್ಯಂತರವಿರಲಿಲ್ಲ. ಡಾಕ್ಟರು, ಮುಂದಿನ ಸಾಲು, ಮೊಳಕೆಕಾಳು, ಎಲ್ಲವನ್ನೂ ಮಾಲತೇಶಪ್ಪ ತಡವರಿಸುತ್ತಾ ಹೇಳಿದ.

"ಅಂದ್ರೆ ಇನ್ನೂ ತೊಂಬತ್ತು ವರ್ಷ" ಎಂದಳು ಮೀನಾಕ್ಷಿ.

"ನೀನೂ ಇರ್ತೀ ಮೀನಾಕ್ಷಿ. ಇಬ್ರೂ ಇರಾಣ."

"ಏಳು ಜನ್ಮ ಅಂದಿದ್ರು, ಹೂಂ ಅಂದಿದ್ದೆ. ನಡುನಡುವೆ ಸತ್ತು ಸುಧಾರಿಸ್ಕಳಾಕರ ಬಿಡುವು ಸಿಗ್ತಿತ್ತು. ನೀವು ಬಿಡುವೇ ಇಲ್ದಂಗ ತೊಂಬತ್ತು ವರ್ಷ ಅಂತೀರಲ್ರಿ!"

ಅವಳು ಮಣೆಯಿಂದ ಎದ್ದಳು. "ಇದಕ್ಕ ಯೋಚ್ನೆ ಮಾಡ್ಬೇಕು" ಎಂದು ಹೇಳಿ ಹೊಳೆಯ ಕಡೆ ನಡೆದೇಬಿಟ್ಟಳು. ನೆಂಟರು ಎಲೆಯ ಮುಂದೆ ಕೂರಬೇಕೋ ಬೇಡವೋ ತಿಳಿಯದೆ ನಿಂತರು. ಸುಧಾ ಅಪ್ಪನನ್ನು ದುರುಗುಟ್ಟಿ ನೋಡಿದಳು. "ಓಡೋ" ಎಂದ ಶಾಂತಿಗೆ ಬಂದಿದ್ದ ಮಸ್ತಾನಸಾಬ್. "ಮದುಮಗಳು ಹೋದ್ಲು!"

ಕೈಯಲ್ಲಿ ಅಕ್ಷತೆ ಹಿಡಿದುಕೊಂಡೇ ಮಾಲತೇಶಪ್ಪ ಓಡಿದ. ಮೀನಾಕ್ಷಿ ತುಂಗಭದ್ರೆಯ ಮೆಟ್ಟಿಲ ಮೇಲೆ ಕೂತು ನೀರಿಗೆ ಕಾಲು ಬಿಟ್ಟಿದ್ದಳು.

"ಆ ತೊಂಬತ್ತು ವರ್ಷ ಏನ್ ಮಾಡಾಣ ಅಂತ ಮಾಡೀರಿ?" ತಿರುಗದೆಯೇ ಕೇಳಿದಳು.

ಮಾಲತೇಶಪ್ಪ ನಿದ್ದೆಯ ಬಗ್ಗೆ, ಉಸಿರಾಟದ ಬಗ್ಗೆ, ಕಾಳಿನ ಬಗ್ಗೆ ಯೋಚಿಸಿದ್ದ. ಇದೊಂದನ್ನು ಯೋಚಿಸಿರಲಿಲ್ಲ.

"ಏನಂದ್ರೆ... ಸಾಯಾದಿಲ್ಲ."

"ಅದೂ ಒಂದ್ ಕೆಲ್ಸ ಏನ್ರಿ?"

ಅವನು ಕೆಳಗಿನ ಮೆಟ್ಟಿಲಲ್ಲಿ ಕೂತ. "ಅಪ್ಪನ ಫೋಟೊಕ್ಕ ನಾನೇ ಕಟ್ಟು ಹಾಕಿದ್ದೆ" ಎಂದ. "ಅರವತ್ತೊಂದಕ್ಕ ಹೋದ. ನನಗೀಗ ಅರವತ್ತು. ಹೆದರಿಕಿ ಆಗ್ತೈತೆ ಮೀನಾಕ್ಷಿ. ಬ್ಯಾರೆ ಏನೂ ಇಲ್ಲ."

ಮೀನಾಕ್ಷಿ ಅವನನ್ನೇ ನೋಡಿದಳು. ಬೆವರಿಗೆ ಹಣೆಯ ಕುಂಕುಮ ಮೂಗಿನವರೆಗೆ ಇಳಿದಿತ್ತು.

"ಇಷ್ಟು ಹೇಳಾಕ ಇಷ್ಟು ದಿನ ಮೊಳಕೆಕಾಳು ತಿನಿಸಿದ್ರಾ ನನಗ?" ಎಂದು ಸೆರಗಿನ ತುದಿಯಿಂದ ಅದನ್ನು ಒರೆಸಿದಳು. "ಎಪ್ಪತ್ತಕ್ಕ ಇನ್ನೊಂದು ಶಾಂತಿ ಐತಂತೆ. ಅಲ್ಲೀವರಿಗೆ ಒಪ್ಪೀನಿ. ಆಮ್ಯಾಲಿಂದು ಅವಾಗ ನೋಡ್ತೀನಿ. ನಿಮ್ಮ ನಡತಿ ಮ್ಯಾಲೆ ಐತೆ."

"ಎಪ್ಪತ್ತರವರಿಗೆ ಖರೆ ಅಲ್ಲ?"

"ಖರೆ. ಅಗಿಯೋದು ಮಾತ್ರ ಬಿಡ್ಬೇಕು. ಏಳ್ರಿ."

ಇಬ್ಬರೂ ಮಣೆಗೆ ಮರಳಿದರು. ನೂರು ವರ್ಷ ಎಂದು ಪುರೋಹಿತರು ಹೇಳಿಕೊಟ್ಟದ್ದನ್ನು ಮಾಲತೇಶಪ್ಪ ತಕರಾರಿಲ್ಲದೆ ಹೇಳಿ ಅಕ್ಷತೆ ಬಿಟ್ಟ. ಆದರೆ ತಾಳಿ ಕಟ್ಟುವಾಗ ಮೊದಲ ಗಂಟೇ ಜಾರಿತು.

"ಬಿಗಿಯಾಗಿ ಹಾಕ್ರಿ, ಹತ್ತು ವರ್ಷ ತಡೀಬೇಕು" ಎಂದಳು ಮೀನಾಕ್ಷಿ ಮೆಲ್ಲಗೆ.

ಮೂರು ಗಂಟು ಬಿದ್ದವು. ಮಾಲತೇಶಪ್ಪ ಒಂದು ಗಳಿಗೆ ಯೋಚಿಸಿದ. ಆಮೇಲೆ ಯಾವ ಶಾಸ್ತ್ರದಲ್ಲೂ ಇಲ್ಲದ ನಾಲ್ಕನೆಯ ಗಂಟನ್ನೂ ಹಾಕಿದ. ಪುರೋಹಿತರು ಕೆಮ್ಮಿದರು.

"ಇರ್ಲಿ ಬಿಡ್ರಿ ಸ್ವಾಮಿ" ಎಂದಳು ಮೀನಾಕ್ಷಿ ಕತ್ತು ಬಗ್ಗಿಸಿಕೊಂಡೇ, "ಜನ ಹಸ್ಕಂಡಾರೆ."