ಕೋಟೆಯವರ ಗುಂಡಿಗೆ

ಎದೆಬಡಿತದ ಗೆರೆ ಗಿಡ್ಡಗೆ ಮೂಡಿದ್ದ ಕಾಗದದ ಪಟ್ಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದ ಡಾಕ್ಟರು, ಮಹದೇವಪ್ಪನ ಗುಂಡಿಗೆ ಸೋತಿದೆ, ಇನ್ನು ಬಸ್ಸು ಓಡಿಸುವಂತಿಲ್ಲ ಎಂದರು. ಹದಿನಾಲ್ಕು ವರ್ಷದಿಂದ ಕೋಟೆ–ಹುಣಸೂರು ಬಸ್ಸು ಓಡಿಸುತ್ತಿದ್ದ ಮನುಷ್ಯ ಬೆಂಚಿನ ಮೇಲೆ ಕೂತುಬಿಟ್ಟ.

ಬಾಗಿಲಲ್ಲಿ ನಿಂತಿದ್ದ ಅವನ ಹೆಂಡತಿ ಶಿವರುದ್ರಮ್ಮನಿಗೆ ಮೈಯೆಲ್ಲ ಉರಿಯಿತು. ಸಂತೆಯಲ್ಲಿ ಮೆಣಸಿನಕಾಯಿ ತೂಗಿ ಮಾರುವ ಹೆಂಗಸು ಅವಳು, ಸುಮ್ಮನೆ ಅಳುವವಳಲ್ಲ. ಡ್ರೈವರುಗಳ ಎದೆ ಪರೀಕ್ಷೆಗೆಂದು ಬಸ್ಸಿನ ಮಾಲೀಕರು ಮೈಸೂರಿನಿಂದ ಕರೆಸಿದ್ದ ಈ ಡಾಕ್ಟರು, ಬೆಳಿಗ್ಗೆ ಹುಣಸೂರಿನಲ್ಲಿ ಆರು ಜನರನ್ನು ನೋಡಿದ್ದರು. ಆರು ಜನರದೂ ಗಟ್ಟಿ ಗುಂಡಿಗೆ. ಆಮೇಲೆ ಮಹದೇವಪ್ಪನ ಬಸ್ಸಿನಲ್ಲೇ ಯಂತ್ರದ ಪೆಟ್ಟಿಗೆ ಹೇರಿಕೊಂಡು ಕೋಟೆಗೆ ಬಂದರು. ಇಲ್ಲಿನ ಪ್ರವಾಸಿ ಬಂಗ್ಲೆಯಲ್ಲಿ ಐದು ಜನ ಪರೀಕ್ಷೆಗೆ ಮಲಗಿ ಎದ್ದರು. ಐವರದೂ ಸೋತ ಗುಂಡಿಗೆ! ಗೂಳಿಯಂಥ ಮಂಟಯ್ಯನೂ ಆಗಲೇ ತಲೆ ತಗ್ಗಿಸಿಕೊಂಡು ಮನೆಗೆ ಹೋಗಿದ್ದ.

ಇದು ಹೇಗೆ ಎಂದು ಅವಳು ಕೇಳಿದ್ದಕ್ಕೆ ಡಾಕ್ಟರು ನಕ್ಕರು. ಕಾಡಂಚಿನ ಊರು, ಚಳಿಜ್ವರ ತಿಂದ ಮೈಗಳು, ಗುಂಡಿಗೆ ಇನ್ನು ಹೇಗಿರುತ್ತದೆ ಎಂದರು. ಆ ನಗು ಕೇಳಿಯೇ ಶಿವರುದ್ರಮ್ಮ ಹೊಸಿಲು ದಾಟಿ ಒಳಗೆ ಬಂದಳು.

ಯಂತ್ರ ನೋಡಿಕೊಳ್ಳುವ ವೀರಭದ್ರಸ್ವಾಮಿ ತಂತಿ ಸುತ್ತುತ್ತಿದ್ದ. ಈ ಪೆಟ್ಟಿಗೆ ಮಾಡುವುದೇನು ಎಂದು ಅವನನ್ನು ಕೇಳಿದಳು. ಪಾಪ, ಅವನು ಬಿಡಿಸಿ ಹೇಳಿದ. ಗುಂಡಿಗೆ ಬಡಿದಾಗ ಕೂದಲೆಳೆಯಷ್ಟು ವಿದ್ಯುತ್ತು ಹುಟ್ಟುತ್ತದೆ, ಪೆಟ್ಟಿಗೆ ಅದನ್ನು ದೊಡ್ಡದು ಮಾಡುತ್ತದೆ, ಮುಳ್ಳು ಅದನ್ನು ಬರೆಯುತ್ತದೆ. ಸರಿಯಾಗಿ ದೊಡ್ಡದು ಮಾಡುತ್ತಿದೆಯೋ ಇಲ್ಲವೋ ನೋಡುವುದಕ್ಕೆ ಒಂದು ಬಟನ್ನು ಇದೆ; ಒತ್ತಿದರೆ ಮುಳ್ಳು ಚೌಕುಳಿ ಕಾಗದದ ಮೇಲೆ ಹತ್ತು ಮನೆ ಏರಬೇಕು.

"ಕೋಟೇಲಿ ಒತ್ತಿದ್ರಾ?"

ಬೆಳಿಗ್ಗೆ ಹುಣಸೂರಿನಲ್ಲಿ ಒತ್ತಿ ನೋಡಿ ಆಗಿದೆಯಲ್ಲ ಎಂದ.

"ಹುಣಸೂರಲ್ಲಿ ಎತ್ತಿ ತೋರ್ಸಿದ ಬರೀ ತಕ್ಕಡಿ ಕೋಟೆಗೆ ಆಯ್ತದಾ ಸ್ವಾಮಿ? ನಾನು ಅಂಗಡಿ ಒಂದು ಮಾರು ಆಚೆಗಿಟ್ರೂ ಜನ ಮತ್ತೆ ಬರೀ ತಕ್ಕಡಿ ಎತ್ತು ಅಂತಾರೆ. ಮೆಣಸಿನಕಾಯಿಗಿರೋ ಮರ್ಯಾದೆ ಮನುಷ್ಯನ ಗುಂಡಿಗೆಗೆ ಇಲ್ವಾ?"

ಡಾಕ್ಟರು ಬೇಡವೆನ್ನುವಷ್ಟರಲ್ಲಿ ವೀರಭದ್ರಸ್ವಾಮಿ ಬಟನ್ನು ಒತ್ತಿಬಿಟ್ಟ. ಮುಳ್ಳು ಐದೇ ಮನೆ ಏರಿ ನಿಂತಿತು. ಅವನ ಮುಖ ಸಣ್ಣದಾಯಿತು. ಬ್ಯಾಟರಿ ಇಳಿದಿದೆ ಎಂದ.

ಬ್ಯಾಟರಿಯ ಮಾತು ಕೇಳಿದ್ದೇ ಮಹದೇವಪ್ಪ ಎದ್ದ. ಬಸ್ಸಿನ ಬ್ಯಾಟರಿ ಬಿಚ್ಚಿ, ಒಬ್ಬನೇ ಹೊತ್ತು ತಂದು ಮೇಜಿನ ಮೇಲಿಟ್ಟ. ಸೋತ ಗುಂಡಿಗೆಯವನು! ವೀರಭದ್ರಸ್ವಾಮಿ ಅದಕ್ಕೆ ತಂತಿ ಸೇರಿಸಿ, ಬಟನ್ನು ಒತ್ತಿ ಒತ್ತಿ, ಮುಳ್ಳು ಹತ್ತು ಮನೆ ಏರುವವರೆಗೂ ಪೆಟ್ಟಿಗೆಯ ತಿರುಪು ತಿರುಗಿಸಿದ ಮೇಲೆ ಮಹದೇವಪ್ಪನನ್ನು ಮತ್ತೆ ಮಲಗಿಸಿದರು. ಈ ಸಲದ ಗೆರೆ ಹುಣಸೂರಿನವರ ಗೆರೆಯಷ್ಟೇ ಎತ್ತರ ಎದ್ದಿತು.

ಡಾಕ್ಟರು, ಬಸ್ಸು ಓಡಿಸಬಹುದು ಎಂದು ಬರೆದುಕೊಟ್ಟರು. ತಪ್ಪಾಯಿತು ಎಂಬ ಮಾತು ಬಾಯಿಂದ ಬರಲಿಲ್ಲ. ಉಳಿದ ನಾಲ್ವರ ವಿಷಯ ಮೈಸೂರಿಗೆ ಹೋಗಿ ಯೋಚಿಸುತ್ತೇನೆ, ಹುಣಸೂರಿನಲ್ಲಿ ಮೈಸೂರಿನ ಕೊನೆಯ ಬಸ್ಸು ತಪ್ಪಿಹೋಗುತ್ತದೆ ಎಂದು ಅವಸರ ಮಾಡಿದರು.

ಮಹದೇವಪ್ಪ ಹೆಂಡತಿಯ ಕಿವಿಯಲ್ಲಿ, "ನಮ್ದು ಆಯ್ತಲ್ಲ, ಬುಡು" ಎಂದ.

"ನಿಮ್ದು ಆಯ್ತು. ಮಂಟಯ್ಯನ ಮನೇಲಿ ಈಗ ಒಲೆ ಹತ್ಸಿರ್ತಾರಾ? ಹೋಗಿ, ನಾಲ್ಕು ಜನಾನೂ ಕರ್ಕೊಂಡು ಬನ್ನಿ."

ಡಾಕ್ಟರು ಪೆಟ್ಟಿಗೆ ಮುಚ್ಚಲು ಹೇಳಿದರು. ಶಿವರುದ್ರಮ್ಮ ಬ್ಯಾಟರಿಯ ಪಕ್ಕ ಹೋಗಿ ನಿಂತಳು.

"ಬಸ್ಸಿನ ಜೀವ ಇಲ್ಲೈತೆ ಸ್ವಾಮಿ. ನಾಲ್ಕು ಜನ ಮಲಗಿ ಎದ್ದ ಮೇಲೆ ಅದು ಬಸ್ಸಿಗೆ ಹೋಯ್ತದೆ. ಒಬ್ಬೊಬ್ಬರಿಗೂ ಮೊದಲು ಬಟನ್ ಒತ್ತಿ. ಅಲ್ಲಿಗಂಟ ಕೂತ್ಕೊಳಿ, ಮಜ್ಜಿಗೆ ತರಿಸ್ತೀನಿ."

ಡಾಕ್ಟರು ಕಿಟಕಿಯಾಚೆ ಅಲ್ಲಾಡದೆ ನಿಂತ ಬಸ್ಸನ್ನು ನೋಡಿದರು, ಮೇಜನ್ನು ನೋಡಿದರು, ಕೂತರು.