ಮಗನ ಸಾಕ್ಷಿ ಕೇಳಲು ಹೋದ ಮಾರೆವ್ವ

ಸೂಲಗಿತ್ತಿ ಮಾರೆವ್ವನಿಗೆ ಆ ಭಾನುವಾರ ಬಂದ ಸಿಟ್ಟು ಎಂಥದ್ದೆಂದರೆ, ಕನಕಗಿರಿಯ ಬಾವಿಗಳಲ್ಲಿ ನೀರು ಒಂದು ಮೊಳ ಕೆಳಗಿಳಿಯಿತು. ಸುಳ್ಳೆನ್ನುವವರು ಹೋಗಿ ಬಾವಿಗಳನ್ನೇ ಕೇಳಬಹುದು. ನಿಜಾಮನ ರಾಜ್ಯದಲ್ಲಿ ತಾಲೂಕಿಗೊಬ್ಬ ತಹಶೀಲ್ದಾರ, ಊರಿಗೊಬ್ಬ ಗೌಡ ಇದ್ದದ್ದು ನಿಜ. ಆದರೆ ಕನಕಗಿರಿಯಿಂದ ಹನುಮನಹಳ್ಳಿಯವರೆಗೆ ಒಂದು ಜೀವ ಹುಟ್ಟಬೇಕೆಂದರೆ ಮಾರೆವ್ವನ ಅಪ್ಪಣೆ ಬೇಕಿತ್ತು. ಮೂವತ್ತು ವರ್ಷದಲ್ಲಿ ಹತ್ತು ಸಾವಿರ ಮಕ್ಕಳನ್ನು ನೆಲಕ್ಕಿಳಿಸಿದವಳು ಅವಳು. ಹೊಟ್ಟೆಯಲ್ಲಿ ಅಡ್ಡ ಬಿದ್ದ ಕೂಸು ಹೊಸ್ತಿಲಲ್ಲಿ ಅವಳ ಕೆಮ್ಮು ಕೇಳಿದರೆ ಸಾಕು, ತಾನೇ ತಿರುಗಿ ತಲೆ ಕೆಳಗೆ ಮಾಡಿಕೊಳ್ಳುತ್ತಿತ್ತು.

ಅಂಥವಳ ಮುಖದ ಮೇಲೆ ಶಾಹಜಾದಬಿ ಬಾಗಿಲು ಹಾಕಿದಳು.

ಶಾಹಜಾದಬಿಯ ಸೊಸೆ ಮೆಹರುನಬಿಗೆ ಒಂಬತ್ತನೆಯ ತಿಂಗಳು ನಡೆದಿತ್ತು. ವಾರಕ್ಕೊಮ್ಮೆ ಹೋಗಿ ಹೊಟ್ಟೆಗೆ ಎಣ್ಣೆ ಸವರಿ, ಕೂಸಿನ ತಲೆ ಎಲ್ಲಿದೆ ಎಂದು ಬೆರಳಲ್ಲೇ ನೋಡಿ ಬರುವುದು ಮಾರೆವ್ವನ ಪದ್ಧತಿ. ಆ ಬೆಳಗ್ಗೆಯೂ ಎಣ್ಣೆಯ ಗಿಂಡಿ ಹಿಡಿದು ಹೋದಳು. ಬಾಗಿಲು ಅರ್ಧ ಮಾತ್ರ ತೆರೆಯಿತು.

"ಇನ್ನ ಬರಬ್ಯಾಡ ಮಾರೆವ್ವಾ. ಗಂಗಾವತಿಯಿಂದ ಬ್ಯಾರೆ ಹೆಣ್ಣಮಗಳನ್ನ ಕರಸ್ತೀವಿ" ಎಂದಳು ಶಾಹಜಾದಬಿ.

"ಯಾಕವಾ? ನಿನ್ನ ಮಗನ್ನ ಹಿಡದಾಕಿ ನಾನು. ಈಗ ಅವನ ಕೂಸಿಗೆ ನನ್ನ ಕೈ ಹೊಲಸಾತೇನು?"

"ಹೊಲಸ ಅಂತ ನಾ ಅಂದಿಲ್ಲ. ನಿನ್ನ ಮಗಾನ ಅಂದಾನ. ನಮ್ಮ ಮೈದುನ ನೂರಸಾಬ ಕೊಪ್ಪಳದ ಸಂತ್ಯಾಗ ತನ್ನ ಕಿವೀಲೇ ಕೇಳಿ ಬಂದಾನ. 'ನಮ್ಮವ್ವ ಬಾಣಂತಿ ಮನಿಯಿಂದ ಹೊಕ್ಕಳಬಳ್ಳಿ ಕದ್ದು ತಂದು ಅಮಾಸಿಗೆ ಮಾಟ ಮಾಡ್ತಿದ್ಲು, ನನಗ ಹಾಲಿನ ಬದಲಿ ಸೇಂದಿ ಕುಡಿಸಿ ಬೆಳಸಿದ್ಲು' ಅಂತ ನಾಕು ಮಂದಿ ಮುಂದ ಹೇಳಿದನಂತ."

"ನನ್ನ ಗಾಳ್ಯಾ?"

"ನಿನಗೇನ್ ಹತ್ತು ಮಂದಿ ಗಂಡಮಕ್ಕಳದಾರೇನು? ಅವನ. ಬಿಳಿ ಅಂಗಿ ತೊಟ್ಟು, ಕಣ್ಣೀರ ಹಾಕಿ ಹೇಳಿದನಂತ. ತಪ್ಪ ತಿಳೀಬ್ಯಾಡ ಮಾರೆವ್ವಾ, ಚೊಚ್ಚಲ ಬಸುರಿ ಇದು. ನನಗ ಹೆದರಿಕಿ ಆಗತೈತಿ."

ಬಾಗಿಲು ಮುಚ್ಚಿತು. ಹದಿನೈದು ದಿನಗಳಿಂದ ಯಾವ ಮನೆಯಿಂದಲೂ ಕರೆ ಬಾರದೆ ಇದ್ದದ್ದು ಯಾಕೆಂದು ಮಾರೆವ್ವನಿಗೆ ಆಗ ತಿಳಿಯಿತು. ಎಣ್ಣೆಯ ಗಿಂಡಿಯನ್ನು ಶಾಹಜಾದಬಿಯ ಕಟ್ಟೆಯ ಮೇಲೇ ಇಟ್ಟು, ಮನೆಗೂ ಹೋಗದೆ, ಅವಳು ಗಂಗಾವತಿಯ ದಾರಿ ಹಿಡಿದಳು.

ಅವಳ ಮಗ ಗಾಳೆಪ್ಪ ಮೂರು ವರ್ಷದ ಹಿಂದೆ ಕ್ರಿಸ್ತರ ಸಭೆ ಸೇರಿದ್ದ. ಹೊಳೆಯಾಚೆಯ ಮಿಷನ್ ಸಾಲೆಯಲ್ಲಿ ಓದಿ ಉಪದೇಶಿಯಾಗಲು ತಯಾರಾಗಿದ್ದ. ಆ ಸಾಲೆಯಲ್ಲಿ ಒಂದು ಪದ್ಧತಿ ಇತ್ತು. ಶನಿವಾರ ಶನಿವಾರ ಒಬ್ಬೊಬ್ಬ ಎದ್ದು ನಿಂತು ಸಾಕ್ಷಿ ಹೇಳಬೇಕು. ಅಂದರೆ, ತಾನು ಮೊದಲು ಎಂಥವನಾಗಿದ್ದೆ, ಕ್ರಿಸ್ತಸ್ವಾಮಿ ತನ್ನನ್ನು ಹೇಗೆ ಬದಲು ಮಾಡಿದ ಎಂಬುದನ್ನು ಎಲ್ಲರೆದುರು ಬಿಚ್ಚಿಡಬೇಕು. ಅಲ್ಲಿ ಓದಲು ಬಂದವರಲ್ಲಿ ದಾರಿ ಕಾಯ್ದು ದೋಚಿದವನೊಬ್ಬನಿದ್ದ, ಮೂರು ಸಲ ಜೇಲು ಕಂಡವನೊಬ್ಬನಿದ್ದ. ಅವರು ಹೇಳುತ್ತಿದ್ದರೆ ಗೋಡೆಗಳೂ ಅಳುತ್ತಿದ್ದವು, ಸುಣ್ಣ ಉದುರಿ ವರ್ಷಕ್ಕೆ ಎರಡು ಸಲ ಬಳಿಸಬೇಕಾಗುತ್ತಿತ್ತು. ಗಾಳೆಪ್ಪನ ಸರದಿ ಬಂತು. "ನಾನು ಎಮ್ಮಿ ಕಾಯ್ತಿದ್ದೆ. ಹಾಡು ಛಲೋ ಅನಿಸಿದ್ವು. ನಮ್ಮವ್ವ ಹೋಗು ಅಂದ್ಲು, ಬಂದೆ" ಎಂದ. ಹಿಂದಿನ ಸಾಲಿನಲ್ಲಿ ಯಾರೋ ಗೊರಕೆ ಹೊಡೆದರು.

ಗೊರಕೆ ಗಾಳೆಪ್ಪನ ಎದೆಗೆ ನಾಟಿತು. ಮುಂದಿನ ಸಲ ಒಂದು ಗುಟುಕು ಸೇಂದಿ ಸೇರಿಸಿದ. ಎರಡು ಮಂದಿ ನಿಟ್ಟುಸಿರು ಬಿಟ್ಟರು. ಓದು ಮುಗಿಸಿ ಊರೂರು ತಿರುಗಲು ಹೊರಟಾಗ ಅದಕ್ಕೆ ರೆಕ್ಕೆ ಬಂತು. ಕುಷ್ಟಗಿಯಲ್ಲಿ ತಾಯಿ ಒಂದು ಕೂಸಿನ ಹೊಕ್ಕಳಬಳ್ಳಿ ಕದ್ದಳು. ಯಲಬುರ್ಗಾದಲ್ಲಿ ಏಳು. ಕೊಪ್ಪಳ ಮುಟ್ಟುವಷ್ಟರಲ್ಲಿ ಇಪ್ಪತ್ತೊಂದು. ಸಭೆಯ ಹಿರಿಯರಾದ ಪಂಪಣ್ಣ ಅಯ್ಯನವರು ಅವನ ಬೆನ್ನು ತಟ್ಟಿ, "ನಿನ್ನ ಸಾಕ್ಷಿಯೊಳಗ ಬೆಂಕಿ ಐತಿ ತಮ್ಮಾ" ಎಂದರು. ಗಂಗಾವತಿಯ ಸಭೆಯನ್ನು ಅವನ ಕೈಗೇ ಒಪ್ಪಿಸುವುದೆಂದು ಗೊತ್ತು ಮಾಡಿದರು. ಆ ಒಪ್ಪಿಸುವ ದಿನವೇ ಈ ಭಾನುವಾರ.

ಮಾರೆವ್ವ ಹದಿಮೂರು ಮೈಲಿ ನಡೆದಳು. ಅವಳ ಕಾಲಿನಿಂದ ಎದ್ದ ಧೂಳು ನೋಡಿ ಎಲ್ಲೋ ದೂರದ ಗಿಣಿಗೇರಾದವರು ಮಳೆ ಬಂತೆಂದು ಹಾಸಿದ್ದ ಜೋಳ ಒಳಗೆ ತಂದರಂತೆ. ದಾರಿಯಲ್ಲಿ ಒಬ್ಬ ಗಾಡಿಯವನು "ಹತ್ತವಾ ಬೇ" ಎಂದ. ಅವಳು ತಿರುಗಿ ನೋಡಿದ ನೋಟಕ್ಕೆ ಎತ್ತುಗಳೇ ಗಾಡಿ ಬಿಟ್ಟು ಹೊಲಕ್ಕಿಳಿದವು.

ಗಂಗಾವತಿಯಲ್ಲಿ ಹುಣಸೆಮರದ ಕೆಳಗೆ ಮುನ್ನೂರು ಮಂದಿ ಕೂತಿದ್ದರು. ಗಾಳೆಪ್ಪ ಆಗಲೇ ಸೇಂದಿ ದಾಟಿ ಅಮಾವಾಸ್ಯೆಗೆ ಬಂದಿದ್ದ. ಮಾರೆವ್ವ ಕೊನೆಯಲ್ಲಿ ಹೆಂಗಸರ ನಡುವೆ ಕೂತಳು.

"ಗುಡ್ಡದ ಮ್ಯಾಲ ಬೆಂಕಿ ಹಚ್ಚಿ, ಆ ಹೊಕ್ಕಳಬಳ್ಳಿ ಕೊರಳಿಗೆ ಹಾಕ್ಕೊಂಡು ನಮ್ಮವ್ವ ಕುಣೀತಿದ್ಲು!" ಎಂದು ಗಾಳೆಪ್ಪ ಕೂಗಿದ. "ಆ ನರಕದೊಳಗಿಂದ ಸ್ವಾಮಿ ನನ್ನನ್ನ ಎತ್ತಿದ!"

ಪಕ್ಕದಲ್ಲಿದ್ದ ಮುದುಕಿ ಸೆರಗಿನಿಂದ ಮೂಗು ಒರೆಸಿಕೊಂಡು ಮಾರೆವ್ವನ ತೊಡೆ ತಟ್ಟಿದಳು. "ಎಂಥಾ ರಾಕ್ಷಸಿ ಹೊಟ್ಟ್ಯಾಗ ಎಂಥಾ ಮಗಾ ಹುಟ್ಯಾನ ನೋಡವ್ವಾ. ಆಕಿ ಕೈ ಕೊಳತು ಹೋಗ್ಲಿ."

"ಆಕೀ ಕೈ ಇವ ನೋಡು" ಎಂದು ಮಾರೆವ್ವ ಎರಡೂ ಕೈ ಅವಳ ಮುಖದ ಮುಂದೆ ಹಿಡಿದಳು. "ಕೊಳತಾವೇನು?"

ಮುದುಕಿ ಕೂತಲ್ಲೇ ಮೂರು ಗೇಣು ಹಿಂದೆ ಸರಿದಳು. ಮಾರೆವ್ವ ಎದ್ದು ನಿಂತಳು.

"ಲೇ ಗಾಳ್ಯಾ! ಯಾವ ಗುಡ್ಡದ ಮ್ಯಾಲ ಕುಣದೆನಲೇ ನಾನು? ಹೆಸರು ಹೇಳು, ಈ ಮಂದೀನ ಕರಕೊಂಡು ಹೋಗೂಣು!"

ಮುನ್ನೂರು ಕತ್ತುಗಳು ಒಂದೇ ಸಲ ತಿರುಗಿದ ಸದ್ದು ಆನೆಗೊಂದಿಯವರೆಗೆ ಕೇಳಿತು.

"ಯವ್ವಾ... ನೀ ಯಾವಾಗ ಬಂದಿ?"

"ನೀ ಕೊರಳಿಗೆ ಹೊಕ್ಕಳಬಳ್ಳಿ ಹಾಕಿದ್ಯಲ್ಲಾ, ಆವಾಗ. ಹೇಳಲೇ, ಯಾರ ಮನಿಯಿಂದ ಕದ್ದೆ ನಾನು? ಹೆಸರ ಹೇಳು!"

ಗಾಳೆಪ್ಪ ಮರದ ಕಟ್ಟೆಯಿಂದ ಕೆಳಗಿಳಿದು ಬಂದು ಅವಳ ಕೈ ಹಿಡಿಯಲು ಹೋದ. ಸಣ್ಣ ದನಿಯಲ್ಲಿ, "ಯವ್ವಾ, ಇದು ದೇವರ ಮಹಿಮೆಗೆ ಹೇಳಿದ್ದು. ಇದನ್ನ ಕೇಳಿ ಮಂದಿ ಮನಸು ಕರಗತೈತಿ, ಸಭೆಗೆ ಬರ್ತಾರ" ಎಂದ.

"ಮಂದಿ ನಿನ್ನ ಸಭೆಗೆ ಬಂದ್ರು, ನನ್ನ ಮನಿಗೆ ಬರೂದು ಬಿಟ್ರು!" ಅವಳು ಕೈ ಕಿತ್ತುಕೊಂಡಳು. "ಇವತ್ತ ಶಾಹಜಾದಬಿ ನನ್ನ ಮುಖಕ್ಕ ಬಾಗಲಾ ಹಾಕಿದ್ಲು. ಸಣ್ಣವನಿದ್ದಾಗಿಂದ ಬಾಯಿಬಡಕ ಸುಳ್ಳ ನೀನು. ಹಾಲು ಚೆಲ್ಲಿ ಬೆಕ್ಕಿನ ಮ್ಯಾಲ ಹಾಕ್ತಿದ್ದಿ. ಮಿಷನ್ ಸಾಲ್ಯಾಗ ಸುಳ್ಳ ಹೇಳಬಾರದು ಅಂತ ಕಲಸ್ತಾರವ್ವಾ ಅಂದಿ. ಹಂಗಾದ್ರ ಹೋಗಪಾ, ಈ ಗುಣಾ ಆದರೂ ಹೋಗ್ಲಿ ಅಂತ ನಾನ ಬುತ್ತಿ ಕಟ್ಟಿ ಕಳಿಸಿದೆ. ಮೂರು ವರ್ಷ ಓದಿ ಸುಳ್ಳಿಗೆ ಕಣ್ಣೀರ ಹಚ್ಚೂದು ಕಲತಿ?"

ಪಂಪಣ್ಣ ಅಯ್ಯನವರು ಎದ್ದರು. "ತಾಯಿ, ಸ್ವಲ್ಪ ಸಮಾಧಾನ ತಗೊಳ್ರಿ..."

"ನೀವು ಸುಮ್ಮನಿರ್ರಿ ಅಯ್ನೋರ! ಕನಕಗಿರಿ ಏನ್ ಕಾಶಿಯಷ್ಟು ದೂರ ಐತೇನ್ರಿ? ಒಂದ ಸಲಾ ಬಂದು, ಈ ಹುಡುಗನ ತಾಯಿ ಎಂಥಾಕಿ ಅಂತ ಯಾರನ್ನರ ಕೇಳಿದ್ರೇನು? ನಿಮ್ಮ ದೇವರಿಗೆ ನನ್ನ ಹೆಸರು ಸುಡದಂಗ ದೀಪಾ ಹಚ್ಚಾಕ ಬರೂದಿಲ್ಲೇನ್ರಿ?"

ಅಯ್ಯನವರ ಮುಖ ಸುಟ್ಟ ಬದನೆಕಾಯಿಯಾಯಿತು. ಅವರು ಗಾಳೆಪ್ಪನ ಕಡೆ ತಿರುಗಿದರು. "ತಮ್ಮಾ, ಇದರಾಗ ಖರೇ ಎಷ್ಟು?"

ಗಾಳೆಪ್ಪ ನೆಲ ನೋಡಿದ. "ಎಮ್ಮಿ ಕಾಯ್ತಿದ್ದದ್ದು ಖರೇ ರೀ."

"ಮತ್ತ?"

"ಅಷ್ಟ ರೀ."

ಮುಂದಿನ ಸಾಲಿನಿಂದ ಗೋಣೆಪ್ಪ ಎಂಬ ನೇಕಾರ ಎದ್ದ. ಆ ದಿನ ದೀಕ್ಷಾಸ್ನಾನ ತಗೊಳ್ಳಬೇಕೆಂದು ಹೊಸ ಧೋತರ ಉಟ್ಟು ಬಂದಿದ್ದವನು. "ಒಂದ ಮಾತು ಕೇಳ್ತೀನಿ ಉಪದೇಶ್ಯಾರ. ತಾಯಿದು ಸುಳ್ಳಾದ್ರ, ನೀವು ನನಗ ಹೇಳಿದ ಸ್ವಾಮೀದು?"

"ಅದು ಖರೇ ಗೋಣೆಪ್ಪಣ್ಣಾ. ದೇವರಾಣಿ ಖರೇ."

"ಅದನ್ನೂ ಇದ ಬಾಯಿಲೇ ಹೇಳಿದ್ರಿ" ಎಂದ ಗೋಣೆಪ್ಪ. ಕಂಬಳಿ ಹೆಗಲಿಗೆ ಹಾಕಿಕೊಂಡು ಹೊರಟುಹೋದ.

ತಾಯಿಯ ಬೈಗುಳಕ್ಕೆ ಬಗ್ಗದಿದ್ದ ಗಾಳೆಪ್ಪ ಆಗ ಕುಸಿದು ಕೂತ. ಈ ಸಲ ಬಂದ ಕಣ್ಣೀರು ಯಾರಿಗೂ ತೋರಿಸುವಂಥದ್ದಾಗಿರಲಿಲ್ಲ, ಮುಖವನ್ನು ಮೊಣಕಾಲಲ್ಲಿ ಮುಚ್ಚಿಕೊಂಡಿದ್ದ. ಮಾರೆವ್ವನಿಗೆ ಅದನ್ನು ಕಂಡು ಮರುಕವೇನೂ ಬರಲಿಲ್ಲ. ಇನ್ನಷ್ಟು ಸಿಟ್ಟು ಬಂತು.

"ಏಳು. ಅಳೂದು ಆಮ್ಯಾಲ. ಎಲ್ಲೆಲ್ಲಿ ನನ್ನ ಮಾಟಗಾತಿ ಮಾಡೀದಿ, ಅಲ್ಲಲ್ಲಿ ಹೋಗಿ ಖರೇ ಹೇಳಬೇಕು. ಕಾಲ್ನಡಿಗೀಲೆ. ನಾನೂ ಬರ್ತೀನಿ. ನಿನ್ನ ನಾಲಿಗಿ ಮ್ಯಾಲ ನನಗ ಭರವಸಾ ಇಲ್ಲ."

"ನಾನೂ ಬರ್ತೀನಿ" ಎಂದರು ಅಯ್ಯನವರು. "ಬೆಂಕಿ ಐತಿ ಅಂದವ ನಾನ. ಎಲ್ಲಿಂದು ಅಂತ ಕೇಳಲಿಲ್ಲ. ಗಾಳೆಪ್ಪಾ, ಈ ಸಭೆ ನಿನಗ ಇಲ್ಲ. ಮುಂದ ಕೊಡ್ತೀನಿ ಅಂತ್ಲೂ ನಾ ಹೇಳೂದಿಲ್ಲ."

ಮರುದಿನ ಮುಂಜಾನೆ ಮೂವರೂ ಹೊರಟರು. ಮೊದಲು ಕನಕಗಿರಿ. ಶಾಹಜಾದಬಿಯ ಕಟ್ಟೆಯ ಕೆಳಗೆ ನಿಂತು ಗಾಳೆಪ್ಪ ಹೇಳಿದ: "ನಮ್ಮವ್ವ ಏನೂ ಕದ್ದಿಲ್ಲ. ಮಾಟ ಮಾಡಿಲ್ಲ. ಮಂದಿ ಹೊಗಳ್ಲಿ ಅಂತ ನಾನ ಕಟ್ಟಿ ಹೇಳಿದೆ."

ಬಾಗಿಲ ಹಿಂದಿನಿಂದ ಶಾಹಜಾದಬಿ ಕೇಳಿದಳು: "ಅವತ್ತ ಸುಳ್ಳೋ, ಇವತ್ತ ಸುಳ್ಳೋ? ನೂರಸಾಬ ಕೊಪ್ಪಳದಾಗ ಕೇಳ್ಯಾನ. ಅದ ಸಂತ್ಯಾಗ ನಿಂತು ಹೇಳು. ಆತ ಬಂದು ಹೇಳಿದ್ರ ನಂಬ್ತೀನಿ."

ಬಾಗಿಲು ತೆರೆಯಲಿಲ್ಲ. "ನಡಿ" ಎಂದಳು ಮಾರೆವ್ವ.

ನಡೆದರು. ಕುಷ್ಟಗಿಯಲ್ಲಿ ಜನ ಕೇಳಿ ಉಗುಳಿದರು. ಯಲಬುರ್ಗಾದಲ್ಲಿ ನಕ್ಕರು, ಆ ನಗೆಗೆ ಕೋಟೆಯ ಕಲ್ಲು ಮೂರು ಸಡಿಲಾದವು. ಗಾಳೆಪ್ಪ ಬಾಯಿ ತಪ್ಪಿ "ಸೈತಾನ ನನ್ನ ನಾಲಿಗಿ ಹಿಡಿದು..." ಎಂದು ಶುರುಮಾಡಿದರೆ ಮಾರೆವ್ವ ಹಿಂದಿನಿಂದ ಗುದ್ದುತ್ತಿದ್ದಳು: "ಸೈತಾನನ್ನ ಯಾಕ ತರ್ತಿ? ನೀನ ಹೇಳಿದ್ದು, ನಾನ ಹೇಳಿದೆ ಅನ್ನು." ಅವನು "ನಾನ ಹೇಳಿದೆ" ಎನ್ನುತ್ತಿದ್ದ. ಊರಿಂದ ಊರಿಗೆ ಅವನ ಮಾತು ಸಣ್ಣದಾಗುತ್ತ ಬಂತು. ಕೊಪ್ಪಳದ ಸಂತೆಯಲ್ಲಿ ನಿಂತಾಗ ಮೂರೇ ಮಾತಿನಲ್ಲಿ ಮುಗಿಸಿದ.

ಸಂತೆಯಲ್ಲಿ ಮೆಣಸಿನಕಾಯಿ ಕೊಳ್ಳುತ್ತಿದ್ದ ನೂರಸಾಬ ಹತ್ತಿರ ಬಂದ. "ಏನೋ, ಯಾರರ ಹೊಡದು ಹೇಳಸಾಕತ್ತಾರೇನು?"

"ಇಲ್ಲ ಕಾಕಾ. ಅವತ್ತ ಯಾರೂ ಹೊಡೀಲಿಲ್ಲ, ಅದ ತಪ್ಪಾತು."

ನೂರಸಾಬ ಮೆಣಸಿನಕಾಯಿಯ ಚೀಲ ಹೆಗಲಿಗೇರಿಸಿದ. ಸಂಜೆಗೆ ಮುಂಚೆಯೇ ಗಾಡಿ ಕಟ್ಟಿಕೊಂಡು ಊರಿಗೆ ಹೋದ.

ತಾಯಿ ಮಗ ಕೊಪ್ಪಳದಿಂದ ಮರಳಿ ಬಂದ ಮೂರನೆಯ ದಿನ ಮಟಮಟ ಮಧ್ಯಾಹ್ನ, ಮಾರೆವ್ವ ಕನಕಗಿರಿಯ ತನ್ನ ಮನೆಯಲ್ಲಿ ಕಾಲಿನ ಬೊಬ್ಬೆಗೆ ಅರಿಶಿಣ ಹಚ್ಚುತ್ತಿದ್ದಾಗ ನೂರಸಾಬನೇ ಓಡಿ ಬಂದ. "ಬೇ ಮಾರೆವ್ವಾ, ಬ್ಯಾನಿ ಶುರುವಾಗ್ಯಾವು. ಅತ್ತಿಗಿ ಲಗೂನ ಬಾ ಅಂದಾಳ."

ಮಾರೆವ್ವ ಎದ್ದಳು. ಗಾಳೆಪ್ಪನೂ ಎದ್ದು ಅವಳ ಹಿಂದೆ ಓಡಿದ. ಶಾಹಜಾದಬಿಯ ಮನೆಯ ಬಾಗಿಲು ಎರಡೂ ಕದ ತೆರೆದು ನಿಂತಿತ್ತು. ಹೊಸ್ತಿಲಲ್ಲಿ ಗಾಳೆಪ್ಪ ಅವಳ ಸೆರಗು ಹಿಡಿದ.

"ಯವ್ವಾ, ನನ್ನ ಮ್ಯಾಲಿನ ಸಿಟ್ಟು ಇಳೀತೇನು?"

"ಇಳಿದಿಲ್ಲ" ಎಂದಳು ಮಾರೆವ್ವ. "ಬಾವಿಗೆ ಹೋಗು. ಹನ್ನೆರಡು ಕೊಡ ನೀರು ಬೇಕು. ಹತ್ತು ತಂದು ಹನ್ನೆರಡು ಅಂದ್ರ ಒಳಗಿಂದ ಎದ್ದು ಬಂದು ಒದೀತೀನಿ."

ಗಾಳೆಪ್ಪ ಕೊಡ ಎತ್ತಿಕೊಂಡು ಬಾವಿಗೆ ಓಡಿದ.