ಶಹಾಬಾದಿಗೆ ಹೊರಟ ಗುಂಡುಕಲ್ಲು

ತೊಟ್ಟಿಲು ಮಗಳ ಜೊತೆಗೇ ಹೋಗಬೇಕು, ಅದೇ ಗಾಡಿಯಲ್ಲಿ, ಅದೇ ಡಬ್ಬಿಯಲ್ಲಿ. ಮರಗಮ್ಮ ಇಷ್ಟನ್ನು ಗಟ್ಟಿ ಮಾಡಿಕೊಂಡ ಮೇಲೆ ಉಳಿದದ್ದೆಲ್ಲ ಅವಳ ಕಣ್ಣಿಗೆ ಬರೀ ಕೆಲಸವಾಗಿ ಕಂಡಿತು. ಕೆಲಸಕ್ಕೆ ಅವಳು ಎಂದೂ ಹೆದರಿದವಳಲ್ಲ. ಮುಂಬ್ರಾದ ಗುಡ್ಡದ ಬುಡದ ಖೋಲಿಯಿಂದ ನಸುಕಿನಲ್ಲೇ ಹೊರಟು, ಕಲ್ಯಾಣ ಸ್ಟೇಷನ್ನಿನ ಎದುರಿಗಿದ್ದ ಕಮಲಾಕ್ಷರ ಹೋಟೆಲಿನಲ್ಲಿ ಹಿಟ್ಟು ರುಬ್ಬಿ ರುಬ್ಬಿ ಅವಳ ತೋಳುಗಳು ಹುರಿಗೊಂಡಿದ್ದವು. ಹೋಟೆಲಿಗೆ ಕರೆಂಟಿನ ಗ್ರೈಂಡರ್ ಬಂದ ಮೇಲೂ ಚಟ್ನಿಗೆ ಮಾತ್ರ ಅವಳೇ ಬೇಕಾಗಿತ್ತು.

ಮಗಳು ಮರೆಮ್ಮ ಚೊಚ್ಚಲ ಬಾಣಂತನಕ್ಕೆ ಶಹಾಬಾದಿನಿಂದ ಬಂದಿದ್ದಳು. ಹುಟ್ಟಿದ್ದು ಗಂಡು. ಅಂಬಾರಾಯ ಎಂದು ಹೆಸರಿಟ್ಟಿದ್ದಾಗಿತ್ತು. ಇನ್ನು ಕೂಸನ್ನೆತ್ತಿಕೊಂಡು ಗಂಡನ ಮನೆಗೆ ಹೋಗುವುದು. ಹೋಗುವಾಗ ತವರಿನವರು ತೊಟ್ಟಿಲು ಕೊಟ್ಟು ಕಳಿಸಬೇಕು. ಕೊಡುವುದು ಮರಗಮ್ಮನಿಗೆ ಭಾರವಾಗಿರಲಿಲ್ಲ. ಕೊಟ್ಟದ್ದು ಹೇಗೆ ಹೋಗಿ ಮುಟ್ಟುತ್ತದೆ ಎನ್ನುವುದೇ ಭಾರ.

ಅದಕ್ಕೆ ಕಾರಣವಿತ್ತು. ಮದುವೆಯಲ್ಲಿ ಕೊಡಬೇಕಾದ ಕಬ್ಬಿಣದ ಮಂಚವನ್ನು ಗಂಡ ಯಂಕಣ್ಣ ರೈಲಿಗೆ ಪಾರ್ಸಲ್ ಹಾಕಿದ್ದ. ಯಂಕಣ್ಣ ಕಳಂಬೋಲಿಯ ಕಬ್ಬಿಣದ ಬಜಾರಿನಲ್ಲಿ ಹಮಾಲಿ ಮಾಡುವವನು; ಎತ್ತುವುದರಲ್ಲಿ ಇಳಿಸುವುದರಲ್ಲಿ ಗಟ್ಟಿಗ, ಆದರೆ ಹೆಸರು ಬರೆದ ಚೀಟಿಯನ್ನು ಮಂಚಕ್ಕೆ ಕಟ್ಟುವ ಬದಲು ಅಂಗಿಯ ಕಿಸೆಯಲ್ಲೇ ಇಟ್ಟುಕೊಂಡು ಮದುವೆಗೆ ಬಂದಿದ್ದ. ಅಕ್ಕಿಕಾಳು ಬಿದ್ದು, ಬೀಗರು ಉಂಡು, ಹಂದರ ಬಿಚ್ಚಿ ಎಷ್ಟೋ ದಿನಗಳಾದ ಮೇಲೆ ಮಂಚ ಎಲ್ಲೆಲ್ಲೋ ತಿರುಗಿ ಬಂತು, ಒಂದು ಕಾಲು ಸೊಟ್ಟಗೆ ಮಾಡಿಕೊಂಡು. ಆಗ ಬೀಗತಿ ಚಂದ್ರಬಾಯಿ ನಾಲ್ಕು ಮಂದಿಯ ಮುಂದೆ ಅಂದಿದ್ದಳು: "ಮುಂಬೈ ಬೀಗರ ಮರ್ಯಾದಿ ಪಾರ್ಸಲ್‌ನ್ಯಾಗ ಬರ್ತದ, ಅದೂ ಕುಂಟಕೋತ ಬರ್ತದ."

ಮಾತು ಅಲ್ಲಿಗೇ ಸತ್ತಿದ್ದರೆ ಆಗುತ್ತಿತ್ತು. ಅದು ಓಣಿ ಸುತ್ತಿತು. ನೀರಿಗೆ ಹೋದಲ್ಲಿ, ಗಿರಣಿಗೆ ಹೋದಲ್ಲಿ ಮರೆಮ್ಮನನ್ನು "ಪಾರ್ಸಲ್ ಮರೆವ್ವ" ಎಂದು ಕರೆಯತೊಡಗಿದರು. ಬಾಣಂತನಕ್ಕೆ ಬಂದ ಮಗಳು ಒಂದು ಮಧ್ಯಾಹ್ನ ತಲೆಗೆ ಎಣ್ಣೆ ಹಚ್ಚಿಸಿಕೊಳ್ಳುತ್ತ ಇದನ್ನು ನಗುನಗುತ್ತಲೇ ಹೇಳಿದ್ದಳು. ಹೇಳುತ್ತ ಹೇಳುತ್ತ ಅವಳ ನಗು ಎಲ್ಲಿ ನಿಂತಿತು ಎನ್ನುವುದನ್ನು ತಾಯಿಯ ಕೈ ತಲೆಯ ಮೇಲಿಂದಲೇ ಗುರುತಿಸಿತ್ತು. ಮರಗಮ್ಮ ನಿಶ್ಚಯಿಸಿದ್ದು ಆವತ್ತೇ.

ಮೊದಲು ಅವಳು ಕಮಲಾಕ್ಷರನ್ನು ಕೇಳಿದಳು. ಅವರು ಸ್ಟೇಷನ್ನಿಗೆ ಹೋಗಿ ವಿಚಾರಿಸಿಕೊಂಡು ಬಂದರು.

"ನೋಡು ಮಾರಾಯ್ತಿ, ಪೆಟ್ಟಿಗೆ, ಹಾಸಿಗೆ ಸುರುಳಿ ಎಲ್ಲ ಡಬ್ಬಿಯೊಳಗೆ ಕೊಂಡೋಗ್ಬಹುದು. ಮಂಚ, ಮೇಜು, ತೊಟ್ಟಿಲು ಅಂತದ್ದು ಫರ್ನಿಚರ್ ಲೆಕ್ಕ. ಅದು ಸಾಮಾನಿನ ಡಬ್ಬಿಗೆ, ಬ್ರೇಕ್‌ವ್ಯಾನಿಗೆ."

"ಆತು. ಬ್ರೇಕ್‌ವ್ಯಾನೂ ಅದೇ ಗಾಡಿಗೇ ಇರ್ತದಲ್ರಿ ಮಾಲಕರ?"

"ಇರ್ತದೆ. ಆದ್ರೆ ಶಹಾಬಾದಿನಲ್ಲಿ ಆ ಗಾಡಿ ನಿಲ್ಲುದು ಕಣ್ಣು ಮಿಟುಕಿಸುವಷ್ಟು ಹೊತ್ತು. ಅಲ್ಲಿಗೆ ಬುಕ್ ಮಾಡುದಿಲ್ಲ ಅಂತಾರೆ. ಮುಂದಿನ ವಾಡಿ ಜಂಕ್ಷನ್ನಿಗೆ ಹೋಗಿ ಇಳಿಸ್ಕೊಳ್ಬೇಕು."

ಅಂದರೆ ಮಗಳು ಒಂದು ಕಡೆ, ತೊಟ್ಟಿಲು ಇನ್ನೊಂದು ಕಡೆ. ಮತ್ತೆ ಪಾರ್ಸಲ್.

ಮರಗಮ್ಮ ಚಟ್ನಿ ತಿರುವುತ್ತ ಆ ನಿಯಮವನ್ನೂ ತಿರುವಿದಳು. ಪೆಟ್ಟಿಗೆ ಹೋಗಬಹುದು. ಪೆಟ್ಟಿಗೆ ಎಲ್ಲಿ ಇಡುತ್ತಾರೆ? ಸೀಟಿನ ಕೆಳಗೆ. ಹಾಗಾದರೆ ತೊಟ್ಟಿಲು ಸೀಟಿನ ಕೆಳಗೆ ಹೋಗುವಷ್ಟೇ ಇರಬೇಕು. ಸಂಜೆ ಹೂವಿನ ದಾರದ ಒಂದು ತುಂಡು ಹಿಡಿದು ಅವಳು ಪ್ಲಾಟ್‌ಫಾರ್ಮಿಗೆ ಹೋದಳು. ನಿಂತಿದ್ದ ದೂರದ ಗಾಡಿಯೊಂದಕ್ಕೆ ಹತ್ತಿ, ಕುಳಿತವರ ಕಾಲುಗಳ ನಡುವೆ ಮಲಗಿ, ಸೀಟಿನ ಕೆಳಗೆ ದಾರ ಹಿಡಿದು ಉದ್ದಕ್ಕೊಂದು ಗಂಟು, ಎತ್ತರಕ್ಕೊಂದು ಗಂಟು ಹಾಕಿದಳು. ಏನೋ ಕಳೆದುಕೊಂಡಿದ್ದಾಳೆಂದು ಒಬ್ಬ ಮುದುಕ ಪಾಪ ತಾನೂ ಬಗ್ಗಿ ಹುಡುಕತೊಡಗಿದ.

ಆ ದಾರ ಮಾಜಿವಾಡಾದ ಕಟ್ಟಡದಲ್ಲಿ ಕೆಲಸ ಮಾಡುತ್ತಿದ್ದ ಬಡಿಗ ಮಾಪಣ್ಣನ ಕೈಗೆ ಹೋಯಿತು. ನಾಲ್ಕು ಮೂಲೆಗೆ ನಾಲ್ಕು ಗಿಳಿ ಕೂರಿಸುವುದು ಅವನ ಆಸೆ.

"ಇಷ್ಟು ಗಿಡ್ಡ ಮಾಡಿದ್ರ ಗಿಳಿ ಕುಂದರಲಿಕ್ಕೆ ಜಾಗಾನೇ ಉಳಿಯಂಗಿಲ್ಲವ್ವ."

"ಗಿಳಿ ಏನ್ ಗಾಡಿ ಓಡಸ್ತಾವೇನೋ ಮಾಪಣ್ಣ? ಕುಂತ್ರ ಕುಂದರಲಿ, ಆದ್ರ ಈ ಗಂಟು ದಾಟಬಾರದು."

ತೊಟ್ಟಿಲು ಗಂಟು ದಾಟದೆ ಬಂತು, ಜೊತೆಗೆ ದಾರವೂ. ಗಿಳಿಗಳು ಕುಳ್ಳಗೆ, ಕುತ್ತಿಗೆ ಒಳಗೆಳೆದುಕೊಂಡು, ಚಳಿಯಲ್ಲಿ ಕೂತಂತೆ ಕೂತಿದ್ದವು.

ಸೊಸೆಯನ್ನು ಕರೆದೊಯ್ಯಲು ಚಂದ್ರಬಾಯಿ ತಾನೇ ಬಂದಳು. ಬಂದವಳು ತೊಟ್ಟಿಲನ್ನು ಬೆರಳಿನಿಂದ ಬಡಿದು ನೋಡಿದಳು, ಗಿಳಿಗಳನ್ನು ನೋಡಿ "ಇವೇನು, ಗೂಬಿ ಮರಿ ಏನ್ರಿ?" ಎಂದಳು. ಮರಗಮ್ಮ ನಕ್ಕು ಚಹಾ ತಂದಿಟ್ಟಳು. ಕೊಡುವವರು ಒಂದು ಮಾತು ಕಡಿಮೆ ಆಡಬೇಕು ಎನ್ನುವುದು ಅವಳ ಲೆಕ್ಕ.

ಹೊರಡುವ ದಿನ ತೊಟ್ಟಿಲೇ ಪೆಟ್ಟಿಗೆಯಾಯಿತು. ತಳಕ್ಕೆ ಕೌದಿ, ಅದರ ಮೇಲೆ ಬಾಣಂತಿಯ ಸೀರೆಗಳು, ಕೂಸಿನ ಬಟ್ಟೆ, ಅಂಟಿನ ಉಂಡಿಯ ಡಬ್ಬಿ. ಎಲ್ಲದರ ನಡುವೆ ಮರಗಮ್ಮ ಒಂದು ಗುಂಡುಕಲ್ಲನ್ನು ಇಟ್ಟಳು. ಹೋಟೆಲಿನ ಹಳೆಯ ಚಟ್ನಿ ಒರಳಿನದು. ಒರಳು ಸೀಳಿದಾಗ ಅವಳು ಕೇಳಿ ತಂದುಕೊಂಡಿದ್ದಳು. ಹೆಸರಿಡುವ ದಿನ, ನೆರೆಯವರಿಂದ ತಂದ ತೊಟ್ಟಿಲಲ್ಲಿ, ಕೂಸಿಗಿಂತ ಮೊದಲು ಮಲಗಿಸಿದ್ದು ಈ ಕಲ್ಲನ್ನೇ. ಕುಂಚಿಗೆ ತೊಡಿಸಿ, ಕಾಡಿಗೆಯ ಬೊಟ್ಟಿಟ್ಟು, ಗುಂಡಪ್ಪ ಎಂದು ಕರೆದು, ಕೂಸು ಇವನ ಹಾಗೆ ಗಟ್ಟಿಯಾಗಿರಲಿ ಎಂದು ತೂಗಿದ್ದರು. ಇವತ್ತೂ ಅವನಿಗೆ ಕುಂಚಿಗೆ ತೊಡಿಸಿದಳು.

ಚಂದ್ರಬಾಯಿ ನೋಡಿದಳು. "ಶಹಾಬಾದಿಗೆ ಕಲ್ಲ ಒಯ್ತೀರೇನ್ರಿ! ನಮ್ಮೂರಾಗ ನೆಲ ಕಲ್ಲು, ಗ್ವಾಡಿ ಕಲ್ಲು, ಮ್ಯಾಲಿನ ಮಾಳಗಿ ಕಲ್ಲು."

"ಬರಿ ತೊಟ್ಟಿಲ ಹೊಸ್ತಿಲ ದಾಟಿಸಬಾರದಲ್ರಿ ಬೀಗತಿ."

ಅದು ಚಂದ್ರಬಾಯಿಗೂ ಗೊತ್ತಿದ್ದ ಮಾತು. ಆದರೂ ಬಾಯಿ ಸುಮ್ಮನಿರಲಿಲ್ಲ. "ನಿಮ್ಮ ಖುಷಿ. ನಂಗೇನೋ ಪಾರ್ಸಲ್ ಮಾಡಿದ್ರೇ ಚಲೋ ಅನಸ್ತದ. ನಿಮಗ ರೂಢೀನೂ ಅದ."

ಮರೆಮ್ಮ ಕೂಸಿನ ಕಾಲುಚೀಲ ಸರಿಮಾಡುವ ನೆವದಲ್ಲಿ ತಲೆ ತಗ್ಗಿಸಿದಳು.

ಮುಂಬ್ರಾದಿಂದ ಕಲ್ಯಾಣದವರೆಗೆ ಲೋಕಲ್ಲಿನ ಲಗೇಜ್ ಡಬ್ಬಿಯಲ್ಲಿ, ಮೀನಿನ ಬುಟ್ಟಿಗಳ ನಡುವೆ, ಯಂಕಣ್ಣ ತೊಟ್ಟಿಲನ್ನು ತಲೆಯ ಮೇಲಿಂದ ಇಳಿಸದೆ ನಿಂತ. ಈ ಸಲ ಅವನು ಹೆಸರಿನ ಚೀಟಿಯನ್ನು ಎರಡು ಕಡೆ ಕಟ್ಟಿದ್ದ. ಕಟ್ಟಿದ್ದೇನೋ ಇಲ್ಲವೋ ಎಂದು ಮುಂದಿನ ದಿವಾ ಸ್ಟೇಷನ್ ಬರುವಷ್ಟರಲ್ಲಿ ನಾಲ್ಕು ಸಲ ಮುಟ್ಟಿ ನೋಡಿಕೊಂಡ.

ಕಲ್ಯಾಣದ ಪ್ಲಾಟ್‌ಫಾರ್ಮಿನಲ್ಲಿ ಕಮಲಾಕ್ಷರು ಬಾಳೆಲೆಯಲ್ಲಿ ಕಟ್ಟಿದ ಪೊಟ್ಟಣ ಹಿಡಿದು ಕಾಯುತ್ತಿದ್ದರು. ಇವರನ್ನು ಕಂಡವರೇ ದೊಡ್ಡದಾಗಿ ಕೂಗಿದರು: "ಬನ್ನಿ ಬನ್ನಿ! ಪಾರ್ಸೆಲ್ ರೆಡಿ ಉಂಟು!"

ಮರೆಮ್ಮನ ಮುಖ ಸಣ್ಣದಾಯಿತು. ಚಂದ್ರಬಾಯಿ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಇಡ್ಲಿ ಕಟ್ಟಿಸಿ ತಂದ ಪುಣ್ಯಾತ್ಮರಿಗೆ ತಾವು ಆಡಿದ್ದೇನು ಎಂದು ತಿಳಿಯಲಿಲ್ಲ.

ಗಾಡಿ ಬರುವ ಮೊದಲೇ ಟಿ.ಸಿ. ಬಂದ. ಮೇಲೆ ಇನ್ನೊಂದು ಕೌದಿ ಹೊದಿಸಿ ಹಗ್ಗ ಬಿಗಿದ ಗಂಟನ್ನು ನೋಡಿದ. ಕೌದಿಯ ಸಂದಿಯಲ್ಲಿ ಕುಂಚಿಗೆಯ ತುದಿ ಇಣುಕುತ್ತಿತ್ತು.

"ಅಂದರ್ ಕ್ಯಾ ಹೈ?"

ಮರಗಮ್ಮನ ಹಿಂದಿ ಹೋಟೆಲಿನ ಒರಳಿನ ಹತ್ತಿರ ಕಲಿತದ್ದು. "ಕಪಡಾ ಹೈ ಸಾಬ್. ಔರ್ ಗುಂಡಪ್ಪ ಹೈ. ಸೋಯಾ ಹೈ." ಬಟ್ಟೆ ಇದೆ, ಗುಂಡಪ್ಪ ಮಲಗಿದ್ದಾನೆ ಎಂದಳು.

"ಗುಂಡಪ್ಪ? ಬಚ್ಚಾ?" ಕೂಸನ್ನೇ ಹಗ್ಗದಿಂದ ಬಿಗಿದಿದ್ದಾರೆಂದು ತಿಳಿದು ಟಿ.ಸಿ.ಯ ಕೈಯಲ್ಲಿದ್ದ ಪೆನ್ಸಿಲ್ ಜಾರಿತು. "ಬಚ್ಚೇ ಕೋ ರಸ್ಸಿ ಸೇ ಬಾಂಧಾ? ಖೋಲೋ! ಜಲ್ದೀ ಖೋಲೋ!"

ಹಗ್ಗ ಬಿಚ್ಚಿದರು. ಕೌದಿ ಸರಿಸಿದರು. ಕಾಡಿಗೆಯ ಬೊಟ್ಟಿಟ್ಟುಕೊಂಡ ಗುಂಡಪ್ಪ ಆಕಾಶ ನೋಡುತ್ತ ಮಲಗಿದ್ದ. ಸುತ್ತ ಸೇರಿದ ಜನ ಗೊಳ್ಳೆಂದು ನಕ್ಕರು. ಟಿ.ಸಿ.ಯೂ ನಗಬೇಕೆಂದಿದ್ದ, ಅಷ್ಟರಲ್ಲಿ ಕೌದಿಯ ಕೆಳಗಿಂದ ಗಿಳಿ ಕಂಡಿತು. ಇದು ತೊಟ್ಟಿಲು, ಫರ್ನಿಚರ್, ಡಬ್ಬಿಯೊಳಗೆ ಬಿಡುವ ಹಾಗಿಲ್ಲ, ಬ್ರೇಕ್‌ವ್ಯಾನಿಗೆ ಹಾಕಿ ವಾಡಿಗೆ ಬುಕ್ ಮಾಡಿ ಎಂದ. ಕಲ್ಲನ್ನು ತೆಗೆಯಲೇಬೇಕು, ಅದು ಒಳಗೆ ಉರುಳಾಡಿದರೆ ಬೇರೆಯವರ ಸಾಮಾನು ಒಡೆಯುತ್ತದೆ ಎಂದೂ ಹೇಳಿದ.

ಅವನು ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ. ಮರಗಮ್ಮ ವಾದ ಮಾಡಲಿಲ್ಲ. ಗುಂಡಪ್ಪನನ್ನು ಎರಡೂ ಕೈಯಿಂದ ಎತ್ತಿದಳು, ತನ್ನ ಟ್ರಂಕಿನ ಮೇಲೆ ಕೂತಿದ್ದ ಚಂದ್ರಬಾಯಿಯ ಉಡಿಯಲ್ಲಿ ಇಟ್ಟಳು.

"ಹಿಡೀರಿ ಬೀಗತಿ. ನೀವಂದಂಗೇ ಆತು, ಪಾರ್ಸಲ್. ಗುಂಡಪ್ಪ ನಿಮ್ ಕೂಡ ಬರ್ತಾನ. ತೊಟ್ಟಿಲಷ್ಟು ಬರಿದು ಹೋಗ್ತದ. ವಾಡಿತನಕ ಗಾಡಿ ತೂಗಕೋತ ಒಯ್ತದ."

ಚಂದ್ರಬಾಯಿಯ ನಗು ಅರ್ಧಕ್ಕೇ ನಿಂತಿತು. "ಏನಂದ್ರಿ? ಬರಿ ತೊಟ್ಟಿಲ ತೂಗೋದಾ?"

"ಗಾಡಿ ಅಂದ್ರ ತೂಗೇ ತೂಗ್ತದಲ್ರಿ."

ಬಟ್ಟೆ ಎಷ್ಟಿದ್ದರೂ, ಕೂಸಾಗಲಿ ಗುಂಡಪ್ಪನಾಗಲಿ ಇಲ್ಲದ ಬರಿದು ತೊಟ್ಟಿಲು ತೂಗಿದರೆ ಕೂಸಿಗೆ ಆಗಿಬರುವುದಿಲ್ಲ. ಇದು ಶಹಾಬಾದಿನಲ್ಲೂ ಗೊತ್ತು, ಮುಂಬ್ರಾದಲ್ಲೂ ಗೊತ್ತು. ರೈಲಿನ ನಿಯಮಕ್ಕಷ್ಟೇ ಗೊತ್ತಿಲ್ಲ. ಚಂದ್ರಬಾಯಿ ಕಲ್ಲನ್ನು ಕಂಕುಳಲ್ಲಿ ಇಟ್ಟುಕೊಂಡೇ ಎದ್ದಳು. ಕಲ್ಲು ಕಂಡು ಟಿ.ಸಿ. ಒಂದು ಹೆಜ್ಜೆ ಹಿಂದೆ ಸರಿದ.

"ಏ ಸಾಹೇಬ! ಫನ್ನೀಚರ ಅಂದ್ರೇನು? ನೀ ಕುಂದರೋ ಕುರ್ಚಿ ಫನ್ನೀಚರ. ಇದರಾಗ ನೀ ಕುಂದರ್ತೀಯೇನು? ಇದರಾಗ ಅರಿವಿ ಅದಾವ, ಉಂಡಿ ಅದಾವ, ಮತ್ತ ನನ್ ಮೊಮ್ಮಗನ ಅಣ್ಣ ಮಲಗ್ತಾನ! ಬರಿ ತೊಟ್ಟಿಲ ತೂಗಸ್ತೀ, ನಿನಗೂ ಮಕ್ಕಳು ಮರಿ ಇದಾವಿಲ್ಲೋ?"

ಟಿ.ಸಿ. ಕಮಲಾಕ್ಷರ ಮುಖ ನೋಡಿದ. ಅವರು ಅವನಿಗೆ ಮರಾಠಿಯಲ್ಲಿ ಸಮಾಧಾನವಾಗಿ ತಿಳಿಸಿದರು. ಅಣ್ಣ ಯಾರು ಎನ್ನುವುದನ್ನು ತಿಳಿಸಲು ಎರಡು ಸಲ ಹೇಳಬೇಕಾಯಿತು. ಅವನು ಗಲ್ಲ ಕೆರೆದುಕೊಂಡ. ಅವನ ಮನೆಯಲ್ಲೂ ಅಜ್ಜಿಯಂದಿರು ಇದ್ದಿರಬೇಕು. ಕೊನೆಗೆ ಹೇಳಿದ: ಬಟ್ಟೆ ತುಂಬಿದೆ, ಸರಿ, ಪೆಟ್ಟಿಗೆ ಅಂದುಕೊಳ್ಳುತ್ತೇನೆ. ಆದರೆ ಪೂರಾ ಸೀಟಿನ ಕೆಳಗೆ ಹೋಗಬೇಕು. ಓಡಾಡುವ ದಾರಿಗೆ ಒಂದು ಬೆರಳು ಬಂದರೂ ಕೆಳಗಿಳಿಸುತ್ತೇನೆ.

"ಹೋಗ್ತದ," ಎಂದಳು ಮರಗಮ್ಮ. ದಾರದ ಎರಡು ಗಂಟುಗಳನ್ನು ನಂಬಿ ಹೇಳಿದ ಮಾತು ಅದು.

ಗಾಡಿ ಬಂತು. ಯಂಕಣ್ಣ ತೊಟ್ಟಿಲು ಹೊತ್ತು ನುಗ್ಗಿದ, ಹಿಂದೆ ಹೆಂಗಸರು. ಸೀಟಿನ ಕೆಳಗೆ ತಳ್ಳಿದರು. ಅರ್ಧ ಹೋಯಿತು, ಮುಕ್ಕಾಲು ಹೋಯಿತು, ನಿಂತಿತು. ಅವಳು ಅಳೆದ ಡಬ್ಬಿಯಲ್ಲಿ ಇಲ್ಲದ ಒಂದು ಕಬ್ಬಿಣದ ಪಟ್ಟಿ ಈ ಡಬ್ಬಿಯ ಸೀಟಿನ ಕೆಳಗಿತ್ತು. ಒಂದು ಗಿಳಿಯ ತಲೆ ಅದಕ್ಕೆ ಬಡಿದು ನಿಂತಿತ್ತು. ಬಾಗಿಲಲ್ಲಿ ಟಿ.ಸಿ. ಕೈಕಟ್ಟಿ ನಿಂತಿದ್ದ.

ಮರಗಮ್ಮ ಮಂಡಿಯೂರಿ ಗಿಳಿಯನ್ನು ಹಿಡಿದು ಅಲುಗಿಸಿದಳು. ಗೂಟ ಬಿಗಿಯಾಗಿತ್ತು, ಏಟು ಕೊಡದೆ ಬರುವಂತಿರಲಿಲ್ಲ. ಏಟು ಕೊಡಲು ಅವಳ ಕೈ ಏಳಲಿಲ್ಲ. ತಾನೇ ಕೊಡುವ ತೊಟ್ಟಿಲನ್ನು ತಾನೇ ಮುರಿಯುವುದು ಹೇಗೆ? ಎಂದೂ ಹಿಂದೆ ಸರಿಯದ ಕೈ ಅಲ್ಲಿ ನಿಂತುಬಿಟ್ಟಿತು.

"ಸರೀರಿ," ಎಂದಳು ಚಂದ್ರಬಾಯಿ. ಸೆರಗು ಸೊಂಟಕ್ಕೆ ಸಿಕ್ಕಿಸಿ ಕೆಳಗೆ ಕೂತಳು. "ಕೊಟ್ಟವರು ಮುರೀಬಾರದು. ಇಸಕೊಂಡವರಿಗೆ ದೋಷಿಲ್ಲ." ಕಂಕುಳಲ್ಲಿದ್ದ ಗುಂಡಪ್ಪನ ಕುಂಚಿಗೆ ತೆಗೆದು, ಅವನನ್ನೇ ಎತ್ತಿ ಗಿಳಿಯ ಕೊರಳಿಗೆ ಒಂದು ಏಟು ಹಾಕಿದಳು. ಗಿಳಿ ಗೂಟದ ಸಮೇತ ಹಾರಿ ಎದುರು ಸೀಟಿನವರ ಉಡಿಯಲ್ಲಿ ಬಿತ್ತು. ತೊಟ್ಟಿಲು ಸರ್ರನೆ ಒಳಗೆ ಹೋಯಿತು, ಗೋಡೆಗೆ ತಾಗಿ ಅಲುಗದೆ ನಿಂತಿತು.

ಮರಗಮ್ಮನಿಗೆ ಒಂದೇ ಮಾತು ಕೇಳಿಸಿತ್ತು. ಇಸಕೊಂಡವರು. ಬೀಗತಿ ತೊಟ್ಟಿಲನ್ನು ಇಸಿದುಕೊಂಡಿದ್ದಳು, ಕಲ್ಯಾಣದಲ್ಲೇ, ನಾಲ್ಕು ಮಂದಿಯ ಮುಂದೆ.

ಟಿ.ಸಿ. ಬಗ್ಗಿ ನೋಡಿದ. ಒಂದು ಬೆರಳೂ ಹೊರಗಿರಲಿಲ್ಲ. "ಗುಂಡಪ್ಪ ಕಾ ಟಿಕೆಟ್?" ಎಂದು ಕೇಳಿ, ಉತ್ತರಕ್ಕೆ ಕಾಯದೆ ನಗುತ್ತ ಮುಂದಿನ ಡಬ್ಬಿಗೆ ನಡೆದ.

ಸಿಳ್ಳು ಆಯಿತು. ಮರಗಮ್ಮ, ಯಂಕಣ್ಣ ಕೆಳಗಿಳಿದರು. ಕಿಟಕಿಯಲ್ಲಿ ಮರೆಮ್ಮ, ಅವಳ ಉಡಿಯಲ್ಲಿ ಅಂಬಾರಾಯ, ಅವನ ಬಾಯಲ್ಲಿ ಗಿಳಿಯ ತಲೆ. ಚಂದ್ರಬಾಯಿ ಕಲ್ಲಿಗೆ ಮತ್ತೆ ಕುಂಚಿಗೆ ತೊಡಿಸುತ್ತ ಪಕ್ಕದವನನ್ನು ಗದರುತ್ತಿದ್ದಳು: "ಕಾಲ ಅತ್ತಾಗ ತಗೀರಿ. ಕೆಳಗ ನಮ್ ತೊಟ್ಟಿಲದ."

"ಅತ್ತಿ, ಶಹಾಬಾದಿನ್ಯಾಗ ಗಾಡಿ ಭಾಳ ಹೊತ್ತು ನಿಲ್ಲಂಗಿಲ್ಲ," ಎಂದಳು ಮರೆಮ್ಮ. "ಹೆಂಗ ಇಳಸೋದು?"

"ನೀ ಕೂಸಿನ ಹಿಡಿ. ತೊಟ್ಟಿಲ ನಾ ನೋಡಕೋತೀನಿ. ನಾ ಇಳೀತನಕ ಅದ್ಯಾಂಗ ಗಾಡಿ ಬಿಡ್ತಾನೋ ನೋಡ್ತೀನಿ."

ಗಾಡಿ ಅಲುಗಿತು. ಆಗ ಕಮಲಾಕ್ಷರಿಗೆ ಕೈಯಲ್ಲಿದ್ದ ಪೊಟ್ಟಣದ ನೆನಪಾಯಿತು. "ಅಯ್ಯೋ, ಪಾರ್ಸೆಲ್! ಪಾರ್ಸೆಲ್ ಬಿಟ್ಟೋಯ್ತು ಮಾರಾಯ್ರೆ!" ಎಂದು ಪಂಚೆ ಎತ್ತಿ ಕಟ್ಟಿ ಓಡಿದರು.

ಚಂದ್ರಬಾಯಿ ಕಿಟಕಿಯಿಂದ ಕೈ ಚಾಚಿ ಪೊಟ್ಟಣ ಇಸಿದುಕೊಂಡಳು. ಒಂದು ಕ್ಷಣ ಪೊಟ್ಟಣ ನೋಡಿದಳು, ಸೊಸೆಯ ಮುಖ ನೋಡಿದಳು. ಮರೆಮ್ಮ ಮೊದಲು ನಕ್ಕಳು.

"ನಗಬ್ಯಾಡ, ಬಿಚ್ಚು," ಎಂದಳು ಚಂದ್ರಬಾಯಿ. "ಇಡ್ಲಿ ಬಿಸಿ ಅದಾವ."

ಗಾಡಿ ಕಣ್ಮರೆಯಾದ ಮೇಲೆ ಮರಗಮ್ಮ ಉಡಿಯಿಂದ ದಾರ ತೆಗೆದಳು, ಎರಡೂ ಗಂಟು ಬಿಚ್ಚಿದಳು, ದಾರವನ್ನು ಮತ್ತೆ ಉಡಿಗೆ ಸಿಕ್ಕಿಸಿದಳು. "ನಡೀರಿ ಮಾಲಕರ," ಎಂದಳು, "ಸಂಜಿ ಚಟ್ನಿ ಇನ್ನಾ ಆಗಬೇಕು."